ಚೀಲದಲ್ಲಿ ಹೋದ ಗೋಡೆಕಲ್ಲು

ಆಗೆಲ್ಲ ಮಧುಗಿರಿಯ ನಮ್ಮ ಬೀದಿಯಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯುವುದೂ ಒಂದು ಯುದ್ಧ. ಎಲ್ಲವೂ ಕಲ್ಲುಗೋಡೆಯ ಮನೆಗಳು. ಮೊಳೆ ಬಗ್ಗುತ್ತಿತ್ತು, ಗೋಡೆ ಜಗ್ಗುತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ, ಧೈರ್ಯ ಹೋಯಿತು. ಒಬ್ಬರೇ ಸ್ನಾನಕ್ಕೆ ಹೋಗಲು ಭಯ, ಇನ್ನೊಬ್ಬರು ಜೊತೆಗೆ ನಿಂತರೆ ನಾಚಿಕೆ. ಗೋಡೆಗೊಂದು ಕಬ್ಬಿಣದ ಹಿಡಿ ಹಾಕಿಸಲೇಬೇಕೆಂದು ಅಮ್ಮ ಹಟ ಹಿಡಿದಳು. ಗೋಡೆ ಕೊರೆಯುವ ಡ್ರಿಲ್ ಇದ್ದ ಎಲೆಕ್ಟ್ರಿಷಿಯನ್ ಮಾತ್ರ "ನಾಳೆ ಬತ್ತೀನಕ್ಕ" ಎನ್ನುತ್ತಲೇ ಇದ್ದ.

"ಅವನ ನಾಳೆ ಬರಲ್ಲ. ನಾವೇ ಡ್ರಿಲ್ ತರೋಣ, ನಡಿ," ಎಂದು ಅಮ್ಮ ನನ್ನನ್ನು ಶಿರಾ ಬಸ್ಸು ಹತ್ತಿಸಿದಳು. ಅವಳ ತರಕಾರಿ ಚೀಲದಲ್ಲಿ ಹಿತ್ತಿಲ ಗೋಡೆಯಿಂದ ಬಿದ್ದ ಒಂದು ಕಲ್ಲು.

ಶಿರಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಅಮ್ಮ ಅದನ್ನು ಹೊರತೆಗೆದಾಗ ಅಂಗಡಿಯ ಸಾಬರು ನಕ್ಕರು. "ಕಲ್ಲು ಯಾಕಮ್ಮ, ನನ್ ತಲೆಗಾ?"

"ಕಡ್ಲೆಕಾಯಿ ಸುಲಿದು ಬಾಯಿಗೆ ಹಾಕ್ಕೊಳ್ದೆ ತಗೊಂತೀರಾ ಭಾಯ್? ಇದ್ರಲ್ಲಿ ತೂತು ಬೀಳ್ಲಿ, ಆಮೇಲೆ ರೇಟು ಮಾತಾಡಾಣ. ಬ್ಯಾಟರಿದು ಬ್ಯಾಡ, ಕೂತಲ್ಲೇ ಸತ್ತೋಗುತ್ತೆ. ವೈರಿಂದೇ ಕೊಡಿ."

ಎಲ್ಲಕ್ಕಿಂತ ಅಗ್ಗದ, ಚೆಂದದ ಹಳದಿ ಡ್ರಿಲ್ ನನಗೆ ಇಷ್ಟವಾಯಿತು. ಕಾನ್ವೆಂಟಿನ ಗತ್ತಿನಲ್ಲಿ ಡಬ್ಬಿಯ ಇಂಗ್ಲಿಷ್ ಓದಿದೆ: "ಗೋಡೆಗೂ ಆಗುತ್ತಂತಮ್ಮ!" ಅದು ಕಲ್ಲಿನ ಮೇಲೆ ಕಿರುಚಿ, ಸುಟ್ಟ ವಾಸನೆ ಹೊರಡಿಸಿ, ಒಂದು ಬಿಳಿ ಚುಕ್ಕೆ ಮಾತ್ರ ಬಿಟ್ಟಿತು.

"ಡಬ್ಬಿ ಓದಿದ್ದು ಸಾಕು, ಕಲ್ಲು ನೋಡೇ," ಎಂದಳು ಅಮ್ಮ.

ಸಾಬರು ಒಳಗಿಂದ ಇನ್ನೊಂದು ತಂದು, ಅದರ ಗುಂಡಿಯನ್ನು ಸುತ್ತಿಗೆಯ ಚಿತ್ರದ ಕಡೆಗೆ ತಿರುಗಿಸಿದರು. ಅದು ಕುಟ್ಟುತ್ತಾ ಕೊರೆಯಿತು. ಬೀಸುಕಲ್ಲಿನ ಹಿಟ್ಟಿನಂತೆ ಪುಡಿ ಉದುರಿತು.

"ಇದಕ್ಕಿಂತ ದೊಡ್ಡದೂ ಐತಮ್ಮ."

"ನಾನೇನು ಮಧುಗಿರಿ ಬೆಟ್ಟ ಕೊರೀಬೇಕಾ? ಇದೇ ಸಾಕು." ಆಮೇಲೆ ಹೂವಿನವಳಂತೆ ವೈರನ್ನು ಮೊಳ ಹಾಕಿ ಅಳೆದಳು. "ಅಡುಗೆಮನೆ ಪ್ಲಗ್ಗಿಂದ ಬಚ್ಚಲಿಗೆ ಎಟುಕಲ್ಲ. ಒಂದು ಎಕ್ಸ್‌ಟೆನ್ಷನ್ ಬಾಕ್ಸೂ ಕೊಡಿ, ಅದೇ ರೇಟಿಗೆ!"

"ಯಾ ಅಲ್ಲಾ!" ಎನ್ನುತ್ತಾ ಸಾಬರು ಕೊಟ್ಟೇಬಿಟ್ಟರು.

ಒಣಗಿದ ಬಚ್ಚಲಲ್ಲಿ ಅಮ್ಮ ಸೆರಗು ಬಿಗಿದು, ಡ್ರಿಲ್ ಹಿಡಿದು ನಿಂತಾಗ ಅಜ್ಜಿ ಹೊಸ್ತಿಲಲ್ಲಿ ಕೂತು ಗೊಣಗಿದರು, "ಹೆಂಗುಸ್ರು ಗ್ವಾಡೆ ಕೊರೀತಾರೇನೇ? ಕಾಲ ಕೆಟ್ಟೋಯ್ತು ಬುಡು." ಮರುದಿನ ಬೆಳಿಗ್ಗೆ ಗೋಡೆಗೆ ಕೂತ ಹಿಡಿಯನ್ನು ಎಳೆದು, ಜಗ್ಗಿ, ಒಂದು ಸಲ ಗುದ್ದಿಯೂ ನೋಡಿದರು. ಆಮೇಲೆ ಚಿಲಕ ಬಿದ್ದ ಸದ್ದು. ಒಳಗಿಂದ ಸೀಗೆಪುಡಿಯ ಘಮದ ಜೊತೆ ಅವರ ದನಿ: "ಯಾರೂ ಬರಬ್ಯಾಡಿ ಕಣ್ರೇ!"

ಮೊನ್ನೆ ನಾನೂ ಒಂದು ಡ್ರಿಲ್ ಕೊಂಡೆ, ಫೋನಿನಲ್ಲಿ, ಯಾರ್ಯಾರೋ ಬರೆದ ಅಭಿಪ್ರಾಯ ಓದಿ. ಯಾರೂ ನಗಲಿಲ್ಲ, ಯಾರೂ ಚೌಕಾಸಿ ಮಾಡಲಿಲ್ಲ; ಬಾಗಿಲಿಗೆ ಡಬ್ಬಿ ಬಂತು. ಅಮ್ಮನ ಮನೆಯ ಆ ಹಿಡಿ ಇವತ್ತಿಗೂ ಅಲುಗಿಲ್ಲ. ಅಜ್ಜಿ ಈಗಿಲ್ಲ, ಹಿಡಿಯ ಮೇಲೆ ಅವರ ಅಂಗೈ ಅಗಲದಷ್ಟು ಜಾಗದಲ್ಲಿ ಬಣ್ಣ ಸವೆದಿದೆ. ಹೋದಾಗಲೆಲ್ಲ ನಾನು ಅಲ್ಲೇ ಹಿಡಿಯುತ್ತೇನೆ.