ಕುರಿಯಜ್ಜ ತೋರಿಸಿದ ಗಾಳಿ

ಮೊನ್ನೆ ಚಳ್ಳಕೆರೆಯಿಂದ ತಂದ ಹೊಸ ಕಂಬಳಿ ಬಿಡಿಸಿದಾಗ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಕುರಿಯಜ್ಜನ ಹೆಗಲ ಕಂಬಳಿಯದೂ ಇದೇ ವಾಸನೆ... ಬಿಸಿಲಿಗೆ ಹಾಕೋಣ ಎಂದಳು ಹೆಂಡತಿ. ಬೇಡವೆಂದೆ.

ಹನ್ನೆರಡು ವರ್ಷದ ಹಿಂದೆ ನಾನು ಖಾಸಗಿ ಕಂಪನಿಯೊಂದರ ಸರ್ವೆ ಕೆಲಸದಲ್ಲಿ ಮೊಳಕಾಲ್ಮುರು ಕಡೆ ಸುತ್ತುತ್ತಿದ್ದೆ. ಗುಡ್ಡದ ಮೇಲೆ ಗಾಳಿಯಂತ್ರ ಹಾಕುವುದೋ, ಕೆಳಗಿನ ಹುಲ್ಲುಬಯಲಲ್ಲಿ ಸೋಲಾರ್ ಹಾಕುವುದೋ ಎಂದು ನೋಡಿ ವರದಿ ಕೊಡಬೇಕಿತ್ತು. ಅಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನನ್ನು ಎಲ್ಲರೂ ಕುರಿಯಜ್ಜ ಎನ್ನುತ್ತಿದ್ದರು; ಅವನ ಕುರಿಗಳಿಗೆ ಆ ಬಯಲೇ ಮೇವು. ಸಂಗತಿ ತಿಳಿದು ಅವನ ಮುಖ ಸಪ್ಪಗಾಯಿತು. ನಾನೋ, ನಾಲಿಗೆಗೆ ಎಲುಬಿಲ್ಲವಲ್ಲ, "ಗುಡ್ಡದಾಗೆ ಒಳ್ಳೆ ಗಾಳಿ ಸಿಕ್ರೆ ಬಯಲಿಗೆ ಯಾರೂ ಬರಲ್ಲ ಅಜ್ಜ" ಎಂದುಬಿಟ್ಟೆ.

ಅಷ್ಟಕ್ಕೇ ಅವನು ನನ್ನನ್ನು ಗುಡ್ಡ ಹತ್ತಿಸಿದ. ನನ್ನ ಏದುಸಿರು ಕಂಡು ನಕ್ಕ, ಬುತ್ತಿಯ ಸಜ್ಜೆ ರೊಟ್ಟಿ ಮುರಿದು ಕೊಟ್ಟ. ಒಂದು ದಿಣ್ಣೆಯಲ್ಲಿ ಕೋಲು ಊರಿ, "ಇಲ್ಲಿ ಒಂದಿನಾನೂ ಮಂದೆ ತರುಬಿ ನಿಲ್ಸಿಲ್ಲ ಸಾಮಿ. ಮರಿ ನಿಲ್ಲಲ್ಲ, ಗಾಳಿ ಹಂಗೈತೆ. ನಿಮ್ ಗಾಳಿ ಅಳಿಯೋ ಕಂಬ ಇಲ್ಲೇ ನೆಡ್ರಿ" ಎಂದ.

ನೆಟ್ಟೆವು. ವರ್ಷವಿಡೀ ಗಾಳಿ ಅಳೆದ ಯಂತ್ರವೂ ಅಜ್ಜನ ಮಾತನ್ನೇ ಹೇಳಿತು. ಶಹಬ್ಬಾಸ್ ಮಾತ್ರ ನನಗೆ ಸಿಕ್ಕಿತು.

ವರದಿಯಲ್ಲಿ ಬಯಲಿನದೂ ಒಂದು ಪುಟವಿತ್ತು. ಸಾಗುವಳಿ, ಬಂಜರು, ಎರಡೇ ಕಾಲಂ. ಅಲ್ಲಿ ಯಾರೂ ಉತ್ತಿರಲಿಲ್ಲ, ಬಿತ್ತಿರಲಿಲ್ಲ. ಬೇಸಿಗೆಗೆ ಹುಲ್ಲು ಒಣಗಿ ಬೆಳ್ಳಗಾಗಿತ್ತು. ಬಂಜರು ಎಂದು ಬರೆದೆ. ಮಳೆಗಾಲದ ಹುಲ್ಲನ್ನು ಕಣ್ಣಾರೆ ಕಂಡವನೇ ನಾನು. ಊಟದ ಹೊತ್ತಾಗಿತ್ತು, ಬೇಗ ಮುಗಿಸಬೇಕಿತ್ತು... ಬಂಜರೆಂದ ಮೇಲೆ ಕೇಳುವವರಿಲ್ಲ, ಕಂಪನಿ ಎರಡನ್ನೂ ಹಿಡಿಯಿತು. ಗುಡ್ಡಕ್ಕೆ ಗಾಳಿಯಂತ್ರ ಬಂತು, ಸೋಲಾರ್‌ಗೆಂದು ಬಯಲಿಗೆ ಬೇಲಿ ಬಿತ್ತು. ಉಂಡ ಮನೆಗೆ ಎರಡು ಬಗೆದವನು ನಾನು.

ಅಜ್ಜ ಕೊನೆಯ ಸಲ ಸಿಕ್ಕಿದ್ದು ಆ ಬೇಲಿಯ ಹೊರಗೆ. ಕುರಿಗಳನ್ನೆಲ್ಲ ಮಾರಿದ್ದ. ಕೈಯಲ್ಲಿ ಕೋಲು ಮಾತ್ರ ಇತ್ತು.

"ಬಂಜರು ಅಂತ ಬರ್ದೋನು ಯಾರ್ರೀ ಸಾಮಿ? ಮಳೆ ಬಿದ್ ಮ್ಯಾಲೆ ಒಂದ್ಸಲ ಕರ್ಕೊಂಡ್ ಬರ್ರಿ, ಹುಲ್ಲು ತೋರಿಸ್ತೀನಿ."

"ಮೇಲಿನೋರು ಅಜ್ಜ" ಎಂದೆ.

ನಂಬಿದ. "ನೀವಾಗಿದ್ರೆ ಹಂಗ್ ಬರೀತಿರ್ಲಿಲ್ಲ ಬಿಡ್ರಿ" ಎಂದು ಬೆನ್ನು ತಟ್ಟಿದ.

ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಯಿತು. ಬರೆದವನು ನಾನೇ ಎಂದು ಹೆಂಡತಿಗೂ ಹೇಳಿಲ್ಲ. ಕೇಳಿದವನಿಗೇ ಹೇಳದ್ದನ್ನು ಇನ್ಯಾರಿಗೆ ಹೇಳಿ ಏನು ಪ್ರಯೋಜನ? ಅವನಂತೂ ನನ್ನನ್ನು ಒಳ್ಳೆಯವನೆಂದು ನಂಬಿಕೊಂಡೇ ಸತ್ತ.