ರಾಜ್ಯಾನ ಹೊಲ

ಟ್ರಂಕು ತೆರೆದೊಡನೆ ಡಾಂಬರು ಗುಳಿಗೆಯ ವಾಸನೆ. ಸೀರೆಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ಸಿಕ್ಕಿತು. ಕೈಗೆತ್ತಿಕೊಂಡಾಗ ನನಗೆ ನಾಚಿಕೆಯೇ ಆಯಿತು ಅನ್ನಿ.

ಆಗ ಮೊರಬದ ಶಾಲೆಯಲ್ಲಿ ನಾನು ಕನ್ನಡ ಮಾಸ್ತರ, ಗೆಳೆಯ ರಾಜೇಸಾಬ ಗಣಿತದವನು. ಇಬ್ಬರೂ ಸೇರಿ ಊರಿನ ಹೊಲಗಳ ಹೆಸರು ಬರೆದಿಟ್ಟಿದ್ದೆವು. ನಮ್ಮ ಎರೆಭೂಮಿಯಲ್ಲಿ ಹೊಲಕ್ಕೂ ಮನುಷ್ಯರಂತೆ ಹೆಸರಿರುತ್ತದೆ. ಹೆಸರು ಹೇಳಿದವರು ರಾಜೇಸಾಬನ ತಾಯಿ ಅಮೀನವ್ವ. ಸ್ವಂತಕ್ಕೆ ಗೇಣು ಹೊಲವಿಲ್ಲ. ಊರವರ ಹೊಲದಲ್ಲೆಲ್ಲ ಕಸ ತೆಗೆದವರು, ಹಾಗಾಗಿ ಎಲ್ಲವೂ ಗೊತ್ತು. ಗುಬ್ಬಿಹಕ್ಕಲ, ಅತ್ತಿಸೊಸಿ ಹೊಲ, ಜಗಳಗಂಟಿ.

ಆ ಪಟ್ಟಿ ಕೆಡಿಸಿದವನು ನಾನು. ಪಟ್ಟಿಯ ಸುದ್ದಿ ಹಬ್ಬಿ ಹೊಲದ ಮಾಲೀಕರು ಬರತೊಡಗಿದರು.

"ಮಾಸ್ತರ, ಜಗಳಗಂಟಿ ಅಂತ ಇದ್ರ ಬೀಗರು ಏನಂತಾರ್ರಿ? ನಮ್ಮ ಅಜ್ಜನ ಹೆಸರು ಹಾಕ್ರಿ."

ಒಲ್ಲೆ ಅನ್ನುವುದು ನನಗೆ ಬರದು. ಅವರ ಮನೆಯ ಗಿರಮಿಟ್ಟು ತಿಂದು ತಿದ್ದಿದೆ. ವರ್ಷದೊಳಗೆ ಮೊರಬದ ಹೊಲಗಳೆಲ್ಲ ಯಾರ್ಯಾರದೋ ಅಜ್ಜಂದಿರಾದವು.

ರಾಜೇಸಾಬ ಬೈಯಲಿಲ್ಲ. ಪ್ರತಿ ತಿದ್ದುಪಡಿಯ ಹಿಂದಿನ ರೂಪವನ್ನೂ ಟಿಪ್ಪಣಿ ಸಮೇತ ಕಾಯ್ದಿಡುವ ತಂತ್ರಾಂಶದಲ್ಲಿ ಪಟ್ಟಿ ಇಟ್ಟಿದ್ದ. ಅದನ್ನು ಅವನು ರೆಪಾಸಿಟರಿ ಅನ್ನುತ್ತಿದ್ದ, ನಾನು ಕಾಳು ಕಾಯ್ದಿಡುವ ನೆಲಗುಳಿಯ ಹೆಸರು ಹಿಡಿದು ಹಗೇವು ಅನ್ನುತ್ತಿದ್ದೆ. "ಏನರ ತಿದ್ದಲೇ, ಯಾಕ ತಿದ್ದಿದಿ ಅಂತ ಅಷ್ಟ ಬರದಿಡು," ಅನ್ನುವನು. ತಾನು ಬೇರೆ ಊರಿಗೆ ವರ್ಗವಾಗಿ ಹೋಗುವಾಗ ಅದಿದ್ದ ಡಿಸ್ಕನ್ನು ನನ್ನ ಕೈಗಿತ್ತ, ನಾನು ಮರೆತೇಬಿಟ್ಟೆ.

ಹೋದ ವಾರ ಅವನ ಫೋನು. "ಅವ್ವಗ ಕಣ್ಣು ಪೂರಾ ಹೋಗ್ಯಾವ. ನಾ ಹೇಳಿದ ಹೆಸರು ಒಮ್ಮೆ ಓದಿಸ್ಲೇ ಅಂತಾಳ. ಅದಾವೊ ಇಲ್ಲೊ?"

ಟ್ರಂಕು ತೆರೆದದ್ದು ಅದಕ್ಕೇ. ಡಿಸ್ಕು ಹಿಡಿದು ಅವನ ಮನೆಗೆ ಹೋದೆ, ಪಡಸಾಲೆಯಲ್ಲಿ ಕೂತೆವು. ಡಿಸ್ಕು ಗೊರಗೊರ ಅಂದಿತು. "ಮೊದಲ ನಕಲು, ಆಮ್ಯಾಲೆ ಮುಟ್ಟೂದು," ಎಂದು ಎರಡು ಕಡೆ ನಕಲು ತೆಗೆದ. ಪಟ್ಟಿ ತೆರೆದರೆ ಬರೀ ಅಜ್ಜಂದಿರು. ಒಂದೊಂದೇ ತಿದ್ದುಪಡಿ ಹಿಂದಕ್ಕೆ ಸರಿದೆವು. 'ಗಿರಮಿಟ್ಟು ಚಲೋ ಇತ್ತು, ಹೆಸರು ಬದಲಿಸಿದೆ' ಎಂಬ ನನ್ನ ಟಿಪ್ಪಣಿ ನೋಡಿ ರಾಜೇಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಮೊದಲ ದಿನದ ಪಟ್ಟಿ ಬಂತು. ಹಳೇ ಫಾಂಟು, ಅಕ್ಷರವೆಲ್ಲ ಕಲಸುಮೇಲೋಗರ. ಅದನ್ನೂ ಈಗಿನ ಫಾಂಟಿಗೆ ತಿರುಗಿಸಿದೆವು. ನನಗೆ ಜೀವ ಬಂದಂತಾಯಿತು.

ನಾನು ಓದಿದೆ. ಅಮೀನವ್ವ ಪ್ರತಿ ಹೆಸರಿಗೂ ತಲೆಯಾಡಿಸಿದರು. ಮುಗಿದ ಮೇಲೆ, "ಒಂದು ಹೇಳಿದ್ದಿಲ್ರಿ ಮಾಸ್ತರ," ಎಂದರು. "ಹಳ್ಳದ ಬಾಜು ಜ್ವಾಳದ ಹೊಲಾ. ಕಸಾ ತಗಿಯೂಮುಂದ ಇಂವಾ, ನಮ್ಮ ರಾಜ್ಯಾ, ಅಲ್ಲೇ ಹುಟ್ಟ್ಯಾನ. ನಾವು ಹೆಣಮಕ್ಕಳು ಅದಕ್ಕ ರಾಜ್ಯಾನ ಹೊಲಾ ಅಂತಿದ್ದಿವಿ. ಮಂದಿ ಹೊಲಕ್ಕ ನನ್ನ ಮಗನ ಹೆಸರು ಹ್ಯಾಂಗ ಬರಸ್ಲಿ ಅಂತ ಸುಮ್ಮನಿದ್ದೆ."

ರಾಜೇಸಾಬ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿ, ಕನ್ನಡಕ ಒರೆಸುತ್ತ ಒಳಗೆ ಹೋದ. ನಾನು ಹೆಸರು ಸೇರಿಸಿದೆ. ಟಿಪ್ಪಣಿಯ ಜಾಗದಲ್ಲಿ ಹೀಗೆ ಬರೆದೆ: 'ಅಮೀನವ್ವ ಹೇಳಿದ್ದು. ಹೊಲ ಯಾರದೇ ಇರಲಿ.'