ನೀರು ಕುಡಿಯದ ಹಗಲು

ಬನಹಟ್ಟಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ನಾನೊಂದು ಬ್ಲಾಗು ಶುರು ಮಾಡಿದೆ. ಹೆಣ್ಣುಮಕ್ಕಳ ವಿಷಯವನ್ನೇ ಬರೆಯಬೇಕೆಂದು ಹಟ. ಸಂಜೆ ರೊಟ್ಟಿ ಬಡಿದಿಟ್ಟು, ಕರೆಂಟು ಇದ್ದರೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಸಮಾನತೆ, ಶೋಷಣೆ, ಸಬಲೀಕರಣ ಎಂದೆಲ್ಲ ಬರೆದೆ. ‘ಉತ್ತಮ ಲೇಖನ ಮೇಡಂ’ ಎಂದು ಯಾರೋ ಒಬ್ಬಿಬ್ಬರು ಕಮೆಂಟು ಹಾಕಿ ಹೋಗುತ್ತಿದ್ದರು. ಬರಬರುತ್ತ ನನ್ನ ಬರಹ ನನಗೇ ಸಪ್ಪೆಯೆನಿಸಿತು. ನಿಲ್ಲಿಸಲೂ ಮನಸ್ಸಾಗಲಿಲ್ಲ.

ಎದುರು ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸ. ಒಂದು ಸಂಜೆ ಜಮಖಂಡಿಯ ಡಾಕ್ಟರಿಗೆ ತೋರಿಸಿಕೊಂಡು ಬಂದವಳು ಮನೆಗೆ ಹೋಗದೆ ನಮ್ಮ ಕಟ್ಟೆಯ ಮೇಲೆ ಕುಳಿತಳು. ಮತ್ತೆ ಉರಿಮೂತ್ರ.

“ನೀರ ಭಾಳ ಕುಡಿ ಅಂತಾರ್ರಿ ಡಾಕ್ಟರ. ಕುಡದ್ರ ಹೋಗೂದ ಎಲ್ಲಿಗ್ರಿ ಅಕ್ಕೋರ? ಶೆಡ್ಡಿನ್ಯಾಗ ಪಾಯಖಾನಿ ಇಲ್ಲ. ಗಂಡಸರು ಗ್ವಾಡಿ ಹಿಂದ ಹೋಗಿ ಬರ್ತಾರ. ನಾವು ಮುಂಜಾನಿ ಚಾ ಸುದ್ದಾ ಬಿಟ್ಟೇವಿ.”

ಬೇಸಿಗೆಯಲ್ಲಿ ತಗಡಿನ ಕೆಳಗೆ, ನೂಲಿನ ಧೂಳಿನಲ್ಲಿ, ಹಗಲಿಡೀ ನೀರಿಲ್ಲದೆ. ಇದನ್ನು ಬರೆಯಲೇ ಎಂದು ಕೇಳಿದೆ.

“ಬರೀರಿ. ನಾ ಅಂತ ಮಾತ್ರ ಗೊತ್ತಾಗಬಾರದ ನೋಡ್ರಿ. ಇಂಥಾದ್ದೂ ಊರ ಮುಂದ ಹೇಳಿ ಬಂದ್ಯೇನ ಅಂತ ಮನ್ಯಾಗ ಜೀವಾ ತಿಂತಾರ.”

ಬರೆದು ಅವಳಿಗೆ ಓದಿ ಹೇಳಿದೆ. ಗುರುತು ಸಿಗುತ್ತದೆಂದು ಶೆಡ್ಡಿನ ಮುಂದಿನ ಬೇವಿನ ಗಿಡವನ್ನು ಬರಹದಿಂದ ತೆಗೆಸಿದಳು. ಬಾಗಿಲಿನ ಬಣ್ಣವನ್ನೂ ತೆಗೆಸಿದಳು. ಉಳಿದದ್ದು ಅವಳ ಮಾತು, ಅವಳ ಬಾಯಾರಿಕೆ. ನನ್ನ ದೊಡ್ಡ ಶಬ್ದಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಆ ಬರಹಕ್ಕೆ ಬಂದಷ್ಟು ಮಾತು ಬೇರೆ ಯಾವುದಕ್ಕೂ ಬರಲಿಲ್ಲ. ಬಸ್ ಕಂಡಕ್ಟರ್ ಹುಡುಗಿಯೊಬ್ಬಳು, ಕೋರ್ಟಿನಲ್ಲಿ ಟೈಪು ಮಾಡುವವಳು, ಹಳ್ಳಿ ಸಾಲೆಯ ಟೀಚರು, ಎಲ್ಲರೂ ‘ನಾನೂ ನೀರು ಕುಡಿಯುವುದಿಲ್ಲ’ ಎಂದು ಬರೆದರು. ‘ಇದೆಲ್ಲ ಬರೆಯುವ ವಿಷಯವೇ, ನಾಚಿಕೆ ಇಲ್ಲವೇ’ ಎಂದ ಗಂಡಸರೂ ಇದ್ದರು. ಹೆಂಗಸರೇ ಅವರಿಗೆ ಉತ್ತರ ಕೊಟ್ಟರು. ನಾನು ಎಲ್ಲವನ್ನೂ ಓದುತ್ತ ಕುಳಿತೆ.

ಯಾರೋ ಅದರ ಪ್ರಿಂಟು ತೆಗೆದು ಊರಲ್ಲಿ ಹಂಚಿದರು. ಒಂದು ದಿನ ಶೆಡ್ಡಿನ ಮಾಲಕರೊಬ್ಬರು ಸಾಲೆಗೆ ಬಂದರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು.

“ಅಕ್ಕೋರ, ಖರೆ ಹೇಳ್ರಿ. ಅದ ನಮ್ಮ ಶೆಡ್ಡಿಂದ ಹೌದಲ್ರಿ?”

“ನಿಮಗ ಹಂಗ್ಯಾಕ ಅನಸ್ತ್ರಿ?” ಎಂದೆ.

ಅವರು ಮಗಳ ಓದಿನ ಮಾತು ತೆಗೆದು ಹೊರಟುಹೋದರು. ಮುಂದಿನ ವಾರ ಇನ್ನೊಬ್ಬ ಮಾಲಕರು ಸಂತೆಯಲ್ಲಿ ತಡೆದು ಅದನ್ನೇ ಕೇಳಿದರು. ಎದುರು ಮನೆಯವಳ ಮಾಲಕ ಮಾತ್ರ ಏನೂ ಕೇಳಲಿಲ್ಲ. ಅವನು ಓದಿರಲೇ ಇಲ್ಲವೋ, ಓದಿಯೂ ತನ್ನ ಶೆಡ್ಡೆಂದು ಅನಿಸಲಿಲ್ಲವೋ.

ಮಳೆಗಾಲ ಮುಗಿಯುವುದರೊಳಗೆ ಸಾಲೆಗೆ ಬಂದಿದ್ದವರ ಶೆಡ್ಡಿನ ಹಿಂದೆ ಪಾಯಖಾನೆ ಎದ್ದಿತು. ಸುದ್ದಿ ಕೇಳಿ ಅವಳು ನಕ್ಕಳು. “ಛಲೋ ಆತ್ರಿ. ಯಾರಿಗಾರ ಆತಲ್ಲ.” ಆ ನಗು ನೋಡಲು ನನಗೆ ಕಷ್ಟವಾಯಿತು. ಅವಳ ಮಾಲಕನ ಬಳಿ ನಾನೇ ಹೋಗಿ ಹೇಳಲೇ ಎಂದರೆ ಬೇಡವೆಂದು ಕೈ ಹಿಡಿದುಕೊಂಡಳು. ಹೇಳಿದರೆ ಯಾರ ಮಾತೆಂದು ಅವನಿಗೆ ಗೊತ್ತಾಗುತ್ತಿತ್ತು, ಅವಳು ದುಡಿಯಬೇಕಾದದ್ದೂ ಅಲ್ಲೇ.

ಬೇರೊಂದು ಶೆಡ್ಡಿನಲ್ಲಿ ಕೆಲಸ ಸಿಗಲು ಅವಳು ಮುಂದಿನ ಯುಗಾದಿವರೆಗೆ ಕಾಯಬೇಕಾಯಿತು. ಅಲ್ಲಿ ಪಾಯಖಾನೆ ಇತ್ತು, ಒಳಗಿನಿಂದ ಹಾಕಿಕೊಳ್ಳಲು ಚಿಲಕ ಇರಲಿಲ್ಲ. ಹೆಂಗಸರು ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಿಗೆ ನಿಲ್ಲುತ್ತಿದ್ದರು. ಚಿಲಕದ ಬಗ್ಗೆಯೂ ಬರೆದೆ. ‘ಮತ್ತೆ ಅದೇ ವಿಷಯವೇ ಮೇಡಂ?’ ಎಂದು ಒಬ್ಬರು ಕೇಳಿದರು. ಬೇರೆ ಯಾರೂ ಏನೂ ಹೇಳಲಿಲ್ಲ. ಓದುವವರಿಗೂ ದಣಿವಾಗುತ್ತದೆ, ನನಗೂ ಆಗಿತ್ತು.

ಕೊನೆಗೆ ಆ ಹೆಂಗಸರೇ ಬಡಿಗನನ್ನು ಕರೆತಂದು ಚಿಲಕ ಹಾಕಿಸಿಕೊಂಡರು. ಅವಳು ಕಟ್ಟೆಗೆ ಬಂದು ಹೇಳಿ ಹೋದಳು. ಅದಕ್ಕೆ ನನ್ನ ಬರಹ ಬೇಕಾಗಿರಲಿಲ್ಲ. ನಾನು ಅದನ್ನು ಬ್ಲಾಗಿನಲ್ಲಿ ಬರೆಯಲಿಲ್ಲ.